ಹಿಡಿ ಮಣ್ಣಿನ ಡಿಎನ್‌ಎ ನೋಡಿದರೆ ಅಡಿಕೆ ತೋಟದ ರೋಗವೆಲ್ಲ ಗೊತ್ತಾಗುತ್ತದೆಯೇ?

"ಒಂದು ಹಿಡಿ ಮಣ್ಣು ಕಳಿಸಿ, ಡಿಎನ್‌ಎ ಪರೀಕ್ಷೆಯಿಂದ ನಿಮ್ಮ ತೋಟದ ಎಲ್ಲ ರೋಗ ತಿಳಿಯಿರಿ." ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೆ ಬಂದರೆ ಏನು ಮಾಡುತ್ತೀರಿ? ಹುಂಚ, ಹೊಸನಗರ, ತೀರ್ಥಹಳ್ಳಿ ಕಡೆಯವರಾದರೆ ಫಾರ್ವರ್ಡ್ ಒತ್ತುವ ಸಾಧ್ಯತೆಯೇ ಹೆಚ್ಚು. ಕೊಳೆರೋಗ ಅಲ್ಲಿ ತಲೆಮಾರುಗಳ ಕಾಟ, ಎಲೆಚುಕ್ಕೆ ರೋಗ ಈಚಿನ ವರ್ಷಗಳ ಸಂಕಟ. ಒತ್ತುವ ಮೊದಲು ಸ್ವಲ್ಪ ನೋಡೋಣ.

ಈ ತಂತ್ರಜ್ಞಾನವೇನೂ ಸುಳ್ಳಲ್ಲ. ಹೆಸರು ಮೆಟಾಜೀನೋಮಿಕ್ಸ್, 1998ರಲ್ಲಿ ಅಮೆರಿಕದ ವಿಜ್ಞಾನಿ ಜೋ ಹ್ಯಾಂಡೆಲ್ಸ್‌ಮನ್ ಮತ್ತು ಸಂಗಡಿಗರು ಈ ಪದ ಬಳಕೆಗೆ ತಂದರು. ಮಣ್ಣಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಹಾಗಾಗಿ ಬೆಳೆಸುವ ಗೋಜಿಗೆ ಹೋಗದೆ, ಮಣ್ಣಿನಲ್ಲಿರುವ ಡಿಎನ್‌ಎಯನ್ನೆಲ್ಲ ಒಟ್ಟಿಗೆ ತೆಗೆದು ಓದುತ್ತಾರೆ. ಹುಂಚದ ರಥೋತ್ಸವಕ್ಕೆ ಬಂದವರ ಗುರುತಿನ ಚೀಟಿಗಳನ್ನೆಲ್ಲ ಚೂರು ಮಾಡಿ ರಾಶಿ ಹಾಕಿ, ಆ ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಯಾರೆಲ್ಲ ಬಂದಿದ್ದರು ಎಂದು ಪತ್ತೆ ಹಚ್ಚಿದ ಹಾಗೆ. ಬಂದವರಲ್ಲಿ ಜೇಬುಗಳ್ಳ ಯಾರು ಎಂಬುದು ಮಾತ್ರ ಚೀಟಿಯಲ್ಲಿ ಬರೆದಿರುವುದಿಲ್ಲ! ಡಿಎನ್‌ಎ ಸಿಕ್ಕಿತು ಎಂದ ಮಾತ್ರಕ್ಕೆ ಆ ಜೀವಿ ಬದುಕಿದೆ ಎಂದೂ ಅಲ್ಲ, ರೋಗ ತಂದದ್ದು ಅದೇ ಎಂದೂ ಅಲ್ಲ.

ಇನ್ನೂ ಮುಖ್ಯವಾದ ಸಂಗತಿ ಒಂದಿದೆ. ಈ ಹೆಸರಿನಲ್ಲಿ ಸಿಗುವ ಕಡಿಮೆ ಖರ್ಚಿನ ಪರೀಕ್ಷೆ ಸಾಮಾನ್ಯವಾಗಿ 16ಎಸ್ ಎಂಬ ಒಂದೇ ಜೀನ್ ಓದುತ್ತದೆ. ಅದರಿಂದ ಗೊತ್ತಾಗುವುದು ಬ್ಯಾಕ್ಟೀರಿಯಾ ಮತ್ತು ಅವುಗಳಂಥದೇ ಆರ್ಕಿಯಾಗಳು. ಆದರೆ ಎಲೆಚುಕ್ಕೆ ಶಿಲೀಂಧ್ರದಿಂದ ಬರುವ ರೋಗ. ಕೊಳೆರೋಗ ತರುವ ಫೈಟಾಫ್ತೊರಾ ಶಿಲೀಂಧ್ರದಂತೆ ಕಂಡರೂ ಬೇರೆಯೇ ಗುಂಪಿನದು. ಎರಡೂ ಈ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ. ವರದಿಯಲ್ಲಿ ಇಲ್ಲ ಎಂದು ನಂಬಿ ಮಳೆಗಾಲಕ್ಕೆ ಮುಂಚಿನ ಬೋರ್ಡೊ ಸಿಂಪಡಣೆ ಬಿಟ್ಟರೆ ಆ ವರ್ಷದ ಫಸಲು ಹೋದ ಹಾಗೆಯೇ. ಮಂಗನ ಕಾಯಿಲೆಯ ವೈರಸ್ಸಿನದಂತೂ ಆರ್‌ಎನ್‌ಎ. ಡಿಎನ್‌ಎ ಓದಿ ಅದನ್ನು ಹುಡುಕಲಾಗದು.

ಹಾಗಾದರೆ ಮಣ್ಣು ಕೊಡುವುದೇ ಬೇಡವೇ? ನಮ್ಮ ಅಭಿಪ್ರಾಯ ಹಾಗಲ್ಲ. 2012ರಲ್ಲಿ ಶುರುವಾದ ಅಮೆರಿಕನ್ ಗಟ್ ಯೋಜನೆಗೆ 10 ಸಾವಿರಕ್ಕೂ ಹೆಚ್ಚು ಜನಸಾಮಾನ್ಯರು ಕೈಯಿಂದ ಹಣ ಕೊಟ್ಟು ಮಾದರಿ ಕಳಿಸಿದರು, ಜೊತೆಗೆ ತಮ್ಮ ಊಟ, ಔಷಧಿಗಳ ವಿವರವನ್ನೂ ಬರೆದರು. ಆ ವಿವರವಿಲ್ಲದಿದ್ದರೆ ಡಿಎನ್‌ಎ ಬರೀ ಅಕ್ಷರಗಳ ರಾಶಿ. ನಮ್ಮಲ್ಲೂ ಇದಕ್ಕೆ ಹಿನ್ನೆಲೆ ಇದೆ: ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ರೋಗದ ಬಗ್ಗೆ ಅಧ್ಯಯನ ಪ್ರಕಟಿಸಿದಾಗ, ರೋಗದ ಹೆಸರನ್ನು ಬೆಳೆಗಾರರ ಬಾಯಿಂದಲೇ ಪಡೆದರು. 'ಕೊಳೆರೋಗ' ಎಂಬ ನಮ್ಮ ಪದ ಹಾಗೆ ಇಂಗ್ಲಿಷ್ ವಿಜ್ಞಾನ ಪುಸ್ತಕಗಳಲ್ಲಿ ಉಳಿದಿದೆ.

ಯಾವುದೇ ಸಂಶೋಧಕರು ನಿಮ್ಮ ತೋಟಕ್ಕೆ ಬಂದರೆ ಮೊದಲು ಕೇಳಿ: ಯಾವ ಜೀವಿಯನ್ನು ಹುಡುಕುತ್ತಿದ್ದೀರಿ, ಮಾಹಿತಿ ಯಾರ ಬಳಿ ಇರುತ್ತದೆ, ಫಲಿತಾಂಶ ನಮಗೂ ಕನ್ನಡದಲ್ಲಿ ಸಿಗುತ್ತದೆಯೇ? ಕೊಡುವುದಾದರೆ ತೋಟದ ಹಲವು ಕಡೆಯಿಂದ ಶುಚಿಯಾದ ಸಲಕರಣೆಯಲ್ಲಿ ಮಣ್ಣು ತೆಗೆಯಿರಿ. ಮೈಲುತುತ್ತ, ಸುಣ್ಣ ಯಾವಾಗ ಹಾಕಿದ್ದು ಎಂದು ಬರೆದಿಡಿ. ಮಣ್ಣಿನ ಚೀಲವನ್ನು ತಣ್ಣಗೆ ಇಟ್ಟು ಬೇಗ ತಲುಪಿಸಿ. ಬಿಸಿಲಿಗೆ ನಿಂತ ಕಾರಿನಲ್ಲಿ ಒಂದು ದಿನ ಬಿಟ್ಟರೆ ಕೆಲವು ಬ್ಯಾಕ್ಟೀರಿಯಾ ಅಲ್ಲೇ ಬೆಳೆದುಬಿಡುತ್ತವೆ. ಆಮೇಲೆ ಬರುವ ವರದಿ ತೋಟದ್ದಲ್ಲ, ಚೀಲದ್ದು.