ಕೇಕಿನ ಪ್ರೋಟೀನ್: ಕೂಡುವುದಕ್ಕಿಂತ ಕಳೆಯುವ ಲೆಕ್ಕ

ಮಾಮೂಲಿ ಕೇಕಿನ ಹಿಟ್ಟಿಗೆ ಒಂದು ಸ್ಕೂಪ್ ಪ್ರೋಟೀನ್ ಪುಡಿ ಸುರಿದು, ಬೆಂದು ಬಂದದ್ದನ್ನು ‘ಹೆಲ್ದಿ ಕೇಕ್’ ಎಂದು ಕರೆಯುವ ರೂಢಿ ಈಗ ಮನೆ ಅಡುಗೆಗೂ ಇಳಿದಿದೆ. ಸಿಹಿ ತಿನ್ನುವ ಆಸೆ, ಮೈಗೆ ಒಳ್ಳೆಯದಾಗಲಿ ಎಂಬ ಆಸೆ, ಎರಡನ್ನೂ ಒಂದೇ ತಟ್ಟೆಯಲ್ಲಿ ತೀರಿಸಿಕೊಳ್ಳಲು ಹೊರಡುವುದರಲ್ಲಿ ತಪ್ಪೇನಿಲ್ಲ. ಎಡವುತ್ತಿರುವುದು ಲೆಕ್ಕದಲ್ಲಿ. ಒಂದು ಸಿಹಿಯಲ್ಲಿ ಎಷ್ಟು ಗ್ರಾಂ ಪ್ರೋಟೀನ್ ಇದೆ ಎಂದು ಎಲ್ಲರೂ ಕೇಳುತ್ತಾರೆ. ಅಷ್ಟು ಪ್ರೋಟೀನ್ ದಕ್ಕಬೇಕಾದರೆ ಎಷ್ಟು ಕ್ಯಾಲೊರಿ ತಿನ್ನಬೇಕು ಎಂದು ಕೇಳುವವರು ಕಡಿಮೆ. ಐರೋಪ್ಯ ಒಕ್ಕೂಟದ 2006ರ ನಿಯಮ ಈ ಎರಡನೆಯ ಪ್ರಶ್ನೆಯನ್ನೇ ಅಳತೆಗೋಲು ಮಾಡಿಕೊಂಡಿದೆ. ಆಹಾರದ ಒಟ್ಟು ಶಕ್ತಿಯಲ್ಲಿ ಶೇ 12 ಭಾಗ ಪ್ರೋಟೀನಿನಿಂದ ಬಂದರೆ ಅದನ್ನು ‘ಪ್ರೋಟೀನ್ ಮೂಲ’ ಎನ್ನಬಹುದು. ‘ಹೆಚ್ಚು ಪ್ರೋಟೀನ್’ ಎಂದು ಲೇಬಲ್ ಹಚ್ಚಬೇಕಾದರೆ ಅದು ಶೇ 20 ಇರಲೇಬೇಕು. ಕಟ್ಟುನಿಟ್ಟಾದ ಗೋಲೇ, ಆದರೆ ನ್ಯಾಯವಾದದ್ದು.

ಈ ಗೋಲನ್ನು ಮನೆಯ ಕೇಕಿಗೆ ಹಿಡಿದು ನೋಡೋಣ. 100 ಗ್ರಾಂ ಮೈದಾ, 100 ಗ್ರಾಂ ಸಕ್ಕರೆ, 100 ಗ್ರಾಂ ಬೆಣ್ಣೆ, ಎರಡು ಮೊಟ್ಟೆ ಹಾಕುವುದು ಹಳೆಯ, ನಂಬಿಕಸ್ತ ಅಳತೆ. ಇದರಲ್ಲಿ ಪ್ರೋಟೀನ್ ಸುಮಾರು 23 ಗ್ರಾಂ, ಶಕ್ತಿ ಸುಮಾರು 1600 ಕ್ಯಾಲೊರಿ. ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿಯಂತೆ ಲೆಕ್ಕ ಹಾಕಿದರೆ ಪ್ರೋಟೀನಿನ ಪಾಲು ಶೇ 6 ಕೂಡ ಮುಟ್ಟುವುದಿಲ್ಲ. ಇದಕ್ಕೆ 30 ಗ್ರಾಂ ವೇ (ಹಾಲಿನ ತಿಳಿನೀರಿನ) ಪ್ರೋಟೀನ್ ಪುಡಿ ಸೇರಿಸಿದರೆ ಪ್ರೋಟೀನ್ 47 ಗ್ರಾಂಗೆ ಏರುತ್ತದೆ, ಜೊತೆಗೆ ಕ್ಯಾಲೊರಿಯೂ 1700 ದಾಟುತ್ತದೆ. ಪಾಲು ಶೇ 11ರ ಹತ್ತಿರ ನಿಲ್ಲುತ್ತದೆ. ಈಗ ಪುಡಿಯ ಡಬ್ಬ ಮುಚ್ಚಿಟ್ಟು ಬೇರೆ ದಾರಿ ಹಿಡಿಯೋಣ: ಮೈದಾ ಬದಲು 100 ಗ್ರಾಂ ಕಡಲೆಹಿಟ್ಟು, ಬೆಣ್ಣೆಯ ಬಹುಪಾಲಿನ ಬದಲು 100 ಗ್ರಾಂ ಗಟ್ಟಿ ಮೊಸರು, ಮೂರು ಮೊಟ್ಟೆ, ಸಕ್ಕರೆ 50 ಗ್ರಾಂ, ಬೆಣ್ಣೆ 20 ಗ್ರಾಂ. ಪ್ರೋಟೀನ್ ಸುಮಾರು 48 ಗ್ರಾಂ, ಅಂದರೆ ಪುಡಿ ಹಾಕಿದ ಕೇಕಿನಷ್ಟೇ. ಕ್ಯಾಲೊರಿ ಮಾತ್ರ ಸುಮಾರು 1025. ಪಾಲು ಶೇ 19ಕ್ಕೆ ಬಂತು. ಎರಡು ಕೇಕಿನ ನಡುವೆ ಪ್ರೋಟೀನಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಕ್ಯಾಲೊರಿಯಲ್ಲಿ 700ರ ವ್ಯತ್ಯಾಸ. ಅದನ್ನು ತಂದುಕೊಟ್ಟದ್ದು ನಾವು ಸೇರಿಸಿದ್ದಕ್ಕಿಂತ ಹೆಚ್ಚಾಗಿ ತೆಗೆದದ್ದು.

ತೆಗೆಯುವುದು ಅಷ್ಟು ಸುಲಭವಾಗಿದ್ದರೆ ಎಲ್ಲರೂ ತೆಗೆಯುತ್ತಿದ್ದರು ಎಂದು ಬೇಕಿಂಗ್ ಬಲ್ಲವರು ಹೇಳಬಹುದು. ಮಾತು ನಿಜ. ಕೇಕಿನಲ್ಲಿ ಸಕ್ಕರೆ ಸಿಹಿ ಕೊಟ್ಟು ಸುಮ್ಮನೆ ಕೂರುವುದಿಲ್ಲ. ಅದು ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಗೋಧಿಯ ಗ್ಲುಟೆನ್ ಜಿಗುಟಾಗದಂತೆ ತಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಟ್ಟಿನ ಪಿಷ್ಟ ಉಬ್ಬಿ ಬೇಯುವ ಉಷ್ಣತೆಯನ್ನೂ ಮೊಟ್ಟೆಯ ಪ್ರೋಟೀನ್ ಗಟ್ಟಿಯಾಗುವ ಉಷ್ಣತೆಯನ್ನೂ ಮೇಲಕ್ಕೆ ತಳ್ಳುತ್ತದೆ. ಹೀಗಾಗಿ ಗಾಳಿಗುಳ್ಳೆಗಳು ಹಿಗ್ಗಿ ಕೇಕ್ ಏಳುವುದಕ್ಕೆ ಸಮಯ ಸಿಗುತ್ತದೆ. ಸಕ್ಕರೆಯನ್ನು ಪೂರ್ತಿ ತೆಗೆದರೆ ಕೇಕ್ ಏಳುವ ಮೊದಲೇ ಕಟ್ಟಿಕೊಂಡು ಇಟ್ಟಿಗೆಯಾಗುತ್ತದೆ. ಅರ್ಧಕ್ಕೆ ಇಳಿಸಿದರೆ ಸ್ವಲ್ಪ ಸಾಂದ್ರವಾಗುತ್ತದೆ, ಅಷ್ಟೆ. ಕಡಲೆಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದ ಕಾರಣ ಜಿಗುಟುತನ ತಡೆಯುವ ಕೆಲಸಕ್ಕೆ ಸಕ್ಕರೆ ಬೇಕಾಗಿಯೂ ಇಲ್ಲ. ಗ್ಲುಟೆನ್ ಇಲ್ಲದ ಮೇಲೆ ಕೇಕನ್ನು ಎತ್ತಿ ನಿಲ್ಲಿಸುವ ಹೊಣೆ ಮೊಟ್ಟೆಯದು, ಅದಕ್ಕೇ ಎರಡರ ಜಾಗದಲ್ಲಿ ಮೂರು.

ಪುಡಿ ಹಾಕಿದ ಕೇಕ್ ಒಣಕಲಾಗಿ, ರಬ್ಬರಿನಂತೆ ಹಲ್ಲಿಗೆ ಹಿಡಿಯುವುದಕ್ಕೂ ಕಾರಣ ಪ್ರೋಟೀನಿನ ಸ್ವಭಾವವೇ. ಹಾಲಿನಲ್ಲಿರುವ ಪ್ರೋಟೀನ್ ಎರಡು ಬಗೆ: ವೇ ಮತ್ತು ಕೇಸಿನ್. ವೇ ಪ್ರೋಟೀನ್ ಸುರುಳಿ ಸುತ್ತಿಕೊಂಡ ಅಣು. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸುರುಳಿ ಬಿಚ್ಚಿ, ಒಂದಕ್ಕೊಂದು ಬೆಸೆದುಕೊಂಡು, ಒಳಗಿದ್ದ ನೀರನ್ನು ಹಿಂಡಿ ಹೊರಹಾಕುತ್ತದೆ. ಕೇಸಿನ್‌ಗೆ ಅಂಥ ಬಿಗಿಯಾದ ಸುರುಳಿಯಿಲ್ಲ, ಬರೀ ಬಿಸಿಗೆ ಅದು ಗಟ್ಟಿಯಾಗುವುದಿಲ್ಲ. ಹಾಲು ಎಷ್ಟು ಕುದಿದರೂ, ಹುಳಿ ಬೀಳದ ಹೊರತು ಒಡೆಯದಿರುವುದು ಇದರಿಂದಲೇ. ಬಟ್ಟೆಯಲ್ಲಿ ಕಟ್ಟಿ ಸೋಸಿದ ಮೊಸರಿನಲ್ಲಿ ಕೇಸಿನ್ನೇ ಪ್ರಧಾನ. ಓವನ್ನಿನ ಶಾಖದಲ್ಲೂ ಅದು ನೀರನ್ನು ಬಹುಮಟ್ಟಿಗೆ ಬಿಟ್ಟುಕೊಡುವುದಿಲ್ಲ, ಕೇಕ್ ಮೆತ್ತಗೆ ಉಳಿಯುತ್ತದೆ. ಮೊಸರನ್ನು ಸೋಸಿದಾಗ ಕೆಳಗಿಳಿಯುವ ತಿಳಿನೀರಿನ ಜೊತೆ ಪ್ರೋಟೀನೆಲ್ಲ ಹೋಗಿಬಿಡುತ್ತದೆಂಬ ಆತಂಕವೂ ಬೇಡ. ಮೊದಲೇ ಚೆನ್ನಾಗಿ ಕಾಯಿಸಿದ ಹಾಲಿನಲ್ಲಿ ವೇ ಪ್ರೋಟೀನಿನ ದೊಡ್ಡ ಪಾಲು ಕೇಸಿನ್‌ಗೆ ಅಂಟಿಕೊಂಡಿರುತ್ತದೆ, ಸೋರುವುದು ಹೆಚ್ಚಾಗಿ ನೀರು ಮತ್ತು ಲ್ಯಾಕ್ಟೋಸ್.

ಕಡಲೆಹಿಟ್ಟಿನ ಮೇಲಿರುವ ದೊಡ್ಡ ದೂರು ಅದರ ಹಸಿ ವಾಸನೆ. ಬೇಳೆಯಲ್ಲಿರುವ ಲಿಪಾಕ್ಸಿಜಿನೇಸ್ ಎಂಬ ಕಿಣ್ವ, ಹಿಟ್ಟು ನೀರಿಗೆ ಬಿದ್ದ ಕೂಡಲೇ ಅದರ ಕೊಬ್ಬನ್ನು ಒಡೆದು ಆ ಹಸಿರು ಘಾಟನ್ನು ಹುಟ್ಟಿಸುತ್ತದೆ. ಹಸಿ ಹಿಟ್ಟಿನಲ್ಲಿ ಟ್ರಿಪ್ಸಿನ್ ಎಂಬ ಜೀರ್ಣಕಿಣ್ವವನ್ನು ತಡೆಯುವ ಪ್ರೋಟೀನುಗಳೂ ಇವೆ. ಇವು ಜೀರ್ಣಕ್ಕೆ ಅಡ್ಡಿ. ಎರಡಕ್ಕೂ ಮದ್ದು ಬಿಸಿ. ಬೇಸನ್ ಲಾಡು ಕಟ್ಟುವವರು ಸಣ್ಣ ಉರಿಯಲ್ಲಿ ಘಮ ಬರುವ ತನಕ ಹಿಟ್ಟು ಹುರಿಯುತ್ತಾರಲ್ಲ, ಅದನ್ನೇ ಕೇಕಿಗೂ ಮಾಡಬೇಕು: ಹುರಿದು, ಆರಿಸಿ, ಜರಡಿ ಹಿಡಿದು, ಆಮೇಲೆ ಕಲಸುವುದು. ಅಷ್ಟು ತಾಳ್ಮೆ ಇಲ್ಲದವರಿಗೆ ಹುರಿಗಡಲೆ ಪುಡಿ ಇದ್ದೇ ಇದೆ. ಕಡಲೆಯನ್ನು ಪ್ರೋಟೀನಿಗಾಗಿ ನೆಚ್ಚುವುದು ಹೊಸ ಶೋಧವೂ ಅಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಅಪೌಷ್ಟಿಕತೆ ನೀಗಲೆಂದು ರೂಪಿಸಿದ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ನಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು ಇತ್ತು. ಡಬ್ಬದ ಪುಡಿಗೆ ಸಾವಿರಾರು ರೂಪಾಯಿ ಸುರಿಯುವವರು ಈ ಚರಿತ್ರೆಯನ್ನೊಮ್ಮೆ ನೆನೆಯಬಹುದು.

ಬೇಯಿಸಿದರೆ ಪ್ರೋಟೀನ್ ನಾಶವಾಗುವುದಿಲ್ಲವೇ ಎಂಬ ಆಕ್ಷೇಪಣೆ ಪದೇ ಪದೇ ಕೇಳಿಬರುತ್ತದೆ. ಶಾಖಕ್ಕೆ ಅಣುವಿನ ಆಕಾರ ಕೆಡುತ್ತದೆಯೇ ಹೊರತು ಅದನ್ನು ಕಟ್ಟಿದ ಅಮೈನೊ ಆಮ್ಲಗಳು ಸಾಮಾನ್ಯವಾಗಿ ಎಲ್ಲಿಗೂ ಹೋಗುವುದಿಲ್ಲ. ಬೆಲ್ಜಿಯಂನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಯಿಸಿದ ಮೊಟ್ಟೆಯ ಪ್ರೋಟೀನ್ ಸುಮಾರು ಶೇ 91ರಷ್ಟು ಜೀರ್ಣವಾದರೆ, ಹಸಿ ಮೊಟ್ಟೆಯದು ಶೇ 51ರಷ್ಟು ಮಾತ್ರ. ಆದರೂ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೇಕಿನ ಮೇಲ್ಪದರ ಕಂದು ತಿರುಗುವುದು, 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೈಯಾರ್ ವಿವರಿಸಿದ ಕ್ರಿಯೆಯಿಂದ. ಈ ಕ್ರಿಯೆಯಲ್ಲಿ ಸಕ್ಕರೆಯೊಡನೆ ಬೆಸೆದುಕೊಂಡ ಲೈಸಿನ್ ಎಂಬ ಅಮೈನೊ ಆಮ್ಲ ದೇಹಕ್ಕೆ ದಕ್ಕುವುದಿಲ್ಲ. ತೆಳ್ಳಗಿನ, ಗರಿಗರಿ ಬಿಸ್ಕತ್ತಿನಲ್ಲಿ ಬರೀ ಮೇಲ್ಪದರವೇ ಇರುವುದರಿಂದ ನಷ್ಟ ಹೆಚ್ಚು, ದಪ್ಪ ಕೇಕಿನಲ್ಲಿ ಕಡಿಮೆ. ಗೋಧಿಯಲ್ಲಿ ಲೈಸಿನ್ ಮೊದಲೇ ಕೊರತೆ, ಕಡಲೆಯಲ್ಲಿ ಧಾರಾಳ. ಕಡಲೆಯಲ್ಲಿ ಕಡಿಮೆಯಿರುವ ಇನ್ನೊಂದು ಅಮೈನೊ ಆಮ್ಲ ಮೆಥಿಯೊನಿನ್ ಅನ್ನು ಮೊಟ್ಟೆ ತುಂಬುತ್ತದೆ. ಹಾಗಾಗಿ ಕುಕೀಸ್‌ಗಿಂತ ಕೇಕ್, ಅದರಲ್ಲೂ ಮೊಟ್ಟೆ ಹಾಕಿದ ಕಡಲೆಹಿಟ್ಟಿನ ಕೇಕ್ ವಾಸಿ. ಓವನ್ 160 ಡಿಗ್ರಿಯ ಆಸುಪಾಸಿನಲ್ಲಿರಲಿ, ನಡುವೆ ಚುಚ್ಚಿದ ಕಡ್ಡಿಗೆ ಒಂದೆರಡು ತೇವದ ಚೂರು ಅಂಟಿರುವಾಗಲೇ ಹೊರತೆಗೆಯಬೇಕು. ಐದು ನಿಮಿಷ ಹೆಚ್ಚು ಬೆಂದರೂ ಪ್ರೋಟೀನ್ ಬಿಗಿದು ಕೇಕ್ ಒಣಗುತ್ತದೆ.

ಸಕ್ಕರೆ ಬದಲು ಬೆಲ್ಲ, ಮೈದಾ ಬದಲು ರಾಗಿ ಹಾಕಿದರೆ ಸಾಲದೇ ಎನ್ನುವವರಿದ್ದಾರೆ. ಬೆಲ್ಲದ ಬಹುಭಾಗ ಸುಕ್ರೋಸೇ. ರುಚಿ ಬೇರೆ, ಬಣ್ಣ ಬೇರೆ, ಲೆಕ್ಕ ಮಾತ್ರ ಹೆಚ್ಚು ಕಡಿಮೆ ಅದೇ. ರಾಗಿ ಸುಣ್ಣದ ಅಂಶಕ್ಕೆ, ನಾರಿಗೆ ಒಳ್ಳೆಯದು, ಪ್ರೋಟೀನಿಗಲ್ಲ: ಶೇ 7ರಷ್ಟಿರುವ ರಾಗಿ ಈ ವಿಷಯದಲ್ಲಿ ಶೇ 10ರ ಮೈದಾಕ್ಕಿಂತ ಹಿಂದೆ. ಮೊಟ್ಟೆ ಮುಟ್ಟದ ಮನೆಗಳ ಪ್ರಶ್ನೆ ಇದಕ್ಕಿಂತ ಗಂಭೀರ. ಎಗ್‌ಲೆಸ್ ಕೇಕಿಗೆ ರೂಢಿಯಲ್ಲಿರುವ ಕಂಡೆನ್ಸ್ಡ್ ಮಿಲ್ಕ್ ಅರ್ಧದಷ್ಟು ಸಕ್ಕರೆಯೇ, ಅದು ನಮ್ಮ ದಾರಿಯಲ್ಲ. ಮೂರು ಮೊಟ್ಟೆಯ ಪ್ರೋಟೀನ್ 100 ಗ್ರಾಂ ಪನೀರಿನಲ್ಲಿದೆ. ಅದನ್ನು ನುಣ್ಣಗೆ ಅರೆದು ಹಾಕಿ, ಕಡಲೆಹಿಟ್ಟಿನ ಮೂರನೇ ಒಂದು ಭಾಗದ ಬದಲು ಗೋಧಿಹಿಟ್ಟು ಸೇರಿಸಿದರೆ ಗ್ಲುಟೆನ್ ಆಧಾರ ಕೊಡುತ್ತದೆ, ಮೊಸರಿನ ಹುಳಿಗೆ ಸೋಡಾ ಬೆರೆತು ಹಿಟ್ಟು ಏಳುತ್ತದೆ. ಮೊಟ್ಟೆಯ ಕೇಕಿನಷ್ಟು ಹಗುರವಾಗಿ ಮಾತ್ರ ಬರುವುದಿಲ್ಲ.

ಇಷ್ಟೆಲ್ಲ ಮಾಡಿ ಎಂಟು ಹೋಳು ಮಾಡಿದರೆ, ಮೊಟ್ಟೆ ಹಾಕಿದ ಕೇಕಿನ ಒಂದು ಹೋಳಿನಲ್ಲಿ ಸಿಗುವುದು 6 ಗ್ರಾಂ ಪ್ರೋಟೀನ್, 6 ಗ್ರಾಂ ಸೇರಿಸಿದ ಸಕ್ಕರೆ, ಸುಮಾರು 130 ಕ್ಯಾಲೊರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 55 ಕಿಲೋ ತೂಕದ ಮಹಿಳೆಗೆ ಸುಮಾರು 46 ಗ್ರಾಂ. ಒಂದು ಹೋಳು ಅದರ ಎಂಟನೇ ಒಂದು ಭಾಗ, ಒಂದು ಬೇಯಿಸಿದ ಮೊಟ್ಟೆಗೆ ಸಮ. ಸಂಜೆಯ ಸಿಹಿಗೆ ಇದು ಒಳ್ಳೆಯ ಅಂಕಿ, ಊಟಕ್ಕೆ ಬದಲಿಯಾಗುವ ಅಂಕಿಯಲ್ಲ. ಮುಂದೆ ಯಾವುದೇ ‘ಹೈ ಪ್ರೋಟೀನ್’ ಸಿಹಿಯ ರೆಸಿಪಿ ಕಣ್ಣಿಗೆ ಬಿದ್ದರೆ, ಪ್ರೋಟೀನಿನ ಗ್ರಾಂ ಅನ್ನು ನಾಲ್ಕರಿಂದ ಗುಣಿಸಿ, ಒಟ್ಟು ಕ್ಯಾಲೊರಿಯಿಂದ ಭಾಗಿಸಿ ನೋಡಿ. ಶೇ 12ಕ್ಕಿಂತ ಕೆಳಗಿದ್ದರೆ ಹೆಸರು ಏನೇ ಇರಲಿ, ಅದು ಮಾಮೂಲಿ ಕೇಕೇ.