‘ಓನ್ಲಿ’ಗೆ ಜಾಗ ಎಲ್ಲಿ?

ತಿಕೋಟಾ ತಾಲ್ಲೂಕಿನ ಘೋಣಸಗಿಯ ಹುಡುಗನಿಗೆ ಪುಣೆಯಿಂದ ಸೋದರಮಾವ ಫೋನು ಮಾಡಿ ‘ಎಲ್ಲಿ ಅದಿಯೋ?’ ಎಂದು ಕೇಳಿದರೆ, ‘ಊರಾಗಽ ಅದೀನ್ರಿ ಮಾಮಾ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ‘ಐ ಆ್ಯಮ್ ಇನ್ ಘೋಣಸಗಿ ಓನ್ಲಿ’ ಎನ್ನುತ್ತಾನೆ. ಮಾವನಿಗೆ ಅರ್ಥವಾಗುತ್ತದೆ. ಆದರೆ ಇಂಗ್ಲಿಷನ್ನೇ ತಾಯ್ನುಡಿಯಾಗಿ ಆಡುವವರು ಹುಬ್ಬೇರಿಸುತ್ತಾರೆ. ಹುಡುಗ ಮಾಡಿದ ತಪ್ಪಾದರೂ ಏನು?

ಅವನು ತನ್ನ ಕನ್ನಡವನ್ನು ಪ್ರಾಮಾಣಿಕವಾಗಿಯೇ ಇಂಗ್ಲಿಷಿಗೆ ಸಾಗಿಸಿದ್ದಾನೆ. ಕನ್ನಡ ವ್ಯಾಕರಣದಲ್ಲಿ ‘ನಾನೇ’, ‘ಇಲ್ಲೇ’, ‘ಈಗಲೇ’ ಎಂಬಲ್ಲಿ ಬರುವ ‘ಏ’ಕಾರಕ್ಕೆ ಅವಧಾರಣೆ ಎಂದು ಹೆಸರು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದು ಎಷ್ಟೋ ಕಡೆ ಎಳೆದ ‘ಅ’ಕಾರವಾಗುತ್ತದೆ. ಮರಾಠಿಯಲ್ಲಿ ‘ಮೀಚ್’ ಎನ್ನುವಾಗಿನ ‘ಚ’ ಇದೇ ಕೆಲಸ ಮಾಡುತ್ತದೆ. ದಖನಿ ಮಾತಿನ ‘ಐಸಾಇಚ್’ ಎಂಬಲ್ಲಿಯೂ ಅದೇ ಇದೆ. ಹಿಂದಿಯ ‘ಹೀ’ ಕೂಡ ಇದರ ಬಂಧುವೇ. ಹೀಗಾಗಿ ‘ಓನ್ಲಿ’ಯನ್ನು ಕೊನೆಗೆ ಅಂಟಿಸುವ ರೂಢಿ ಒಂದು ಊರಿನದಲ್ಲ, ದೇಶದ ಬಹುಭಾಗದ್ದು.

ಎರಡು ಕೆಲಸ, ಒಂದು ಪ್ರತ್ಯಯ

ತೊಡಕು ಇರುವುದು ಇಲ್ಲಿ. ನಮ್ಮ ‘ಏ’ ಎರಡು ಕೆಲಸ ಮಾಡುತ್ತದೆ. ‘ಈಗಲೇ ಬಾ’ ಎಂಬಲ್ಲಿ ಬರಿಯ ಒತ್ತು ಇದೆ. ‘ಎರಡೇ ರೊಟ್ಟಿ ತಿಂದೆ’ ಎಂಬಲ್ಲಿ ಮಿತಿ ಇದೆ. ಮೂರನೆಯದನ್ನು ತಿನ್ನಲಿಲ್ಲ ಎಂದರ್ಥ. ಇಂಗ್ಲಿಷಿನ ‘ಓನ್ಲಿ’ಯ ಮುಖ್ಯ ಕೆಲಸ ಮಿತಿ ಹಾಕುವುದು. ಅದರ ಹುಟ್ಟೇ ‘ಒನ್’, ಅಂದರೆ ಒಂದು ಎಂಬ ಮಾತಿನಿಂದ. ‘ಇದು ಹೌದು’ ಎನ್ನುತ್ತಲೇ ‘ಬೇರೆಯದು ಅಲ್ಲ’ ಎಂದು ಬಾಗಿಲು ಹಾಕುವ ಪದ ಅದು.

ಇದನ್ನು ಗುರುತಿಸಲು ಸುಲಭದ ಉಪಾಯವಿದೆ. ‘ಏ’ ತೆಗೆದು ‘ಮಾತ್ರ’ ಹಾಕಿ ನೋಡಬೇಕು. ‘ಎರಡು ರೊಟ್ಟಿ ಮಾತ್ರ ತಿಂದೆ’ ಎಂದರೆ ಅರ್ಥ ಕೆಡಲಿಲ್ಲ. ಆದ್ದರಿಂದ ‘ಐ ಏಟ್ ಓನ್ಲಿ ಟೂ ರೊಟ್ಟೀಸ್’ ಸರಿ. ‘ಘೋಣಸಗಿಯಲ್ಲಿ ಮಾತ್ರ ಇದ್ದೇನೆ’ ಎಂದು ನೋಡಿ. ಏಕಕಾಲಕ್ಕೆ ಎರಡು ಊರಲ್ಲಿ ಇರಬಲ್ಲವನು ಆಡುವ ಮಾತಿನಂತಿದೆ! ಅಲ್ಲಿ ‘ಓನ್ಲಿ’ ಬೇಡ. ‘ಐ ಆ್ಯಮ್ ರೈಟ್ ಹಿಯರ್ ಇನ್ ಘೋಣಸಗಿ’ ಎಂದರಾಯಿತು. ‘ಈಗಲೇ ಬಾ’ ಎಂಬುದು ‘ಕಮ್ ರೈಟ್ ನೌ’. ‘ಅವನೇ ಹೇಳಿದ’ ಎಂದು ಒತ್ತಿ ಹೇಳುವುದು ‘ಹಿ ಹಿಮ್‌ಸೆಲ್ಫ್ ಸೆಡ್ ಇಟ್’.

ಜಾಗ ಬದಲಾದರೆ ಅರ್ಥ ಬದಲು

ಇನ್ನೊಂದು ತೊಡಕು ಜಾಗದ್ದು. ಕನ್ನಡದ ‘ಏ’ ತನ್ನ ಪದಕ್ಕೆ ಅಂಟಿಕೊಂಡೇ ಇರುತ್ತದೆ. ‘ಓನ್ಲಿ’ಯಾದರೋ ವಾಕ್ಯದಲ್ಲೆಲ್ಲ ಓಡಾಡುವ ಪದ. ದ್ರಾಕ್ಷಿ ಸೀಮೆಯ ಮಕ್ಕಳಿಗೆ ಪರಿಚಿತವಾದ ವಾಕ್ಯವನ್ನೇ ತೆಗೆದುಕೊಳ್ಳೋಣ: ‘ಫಾದರ್ ಸೋಲ್ಡ್ ರೇಸಿನ್ಸ್ ಇನ್ ವಿಜಯಪುರ’.

‘ಓನ್ಲಿ ಫಾದರ್’ ಎಂದು ಶುರುವಾದರೆ, ಅಪ್ಪನೊಬ್ಬನೇ ಮಾರಿದ, ಬೇರೆ ಯಾರೂ ಅಲ್ಲ. ‘ಫಾದರ್ ಓನ್ಲಿ ಸೋಲ್ಡ್’ ಎಂದರೆ, ಮಾರಿದ್ದಷ್ಟೇ, ಬೆಳೆದವರು ಬೇರೆ. ‘ಸೋಲ್ಡ್ ಓನ್ಲಿ ರೇಸಿನ್ಸ್’ ಎಂದರೆ, ಒಣದ್ರಾಕ್ಷಿಯನ್ನೇ, ಹಸಿಯದನ್ನಲ್ಲ. ‘ಓನ್ಲಿ ಇನ್ ವಿಜಯಪುರ’ ಎಂದರೆ, ವಿಜಯಪುರದಲ್ಲೇ, ಸಾಂಗಲಿಯಲ್ಲಲ್ಲ. ಪದಗಳು ಅವೇ, ಅರ್ಥ ನಾಲ್ಕು.

ಇಂಗ್ಲಿಷರೂ ಮಾತಿನಲ್ಲಿ ‘ಓನ್ಲಿ’ಯನ್ನು ಹೆಚ್ಚಾಗಿ ಕ್ರಿಯಾಪದಕ್ಕೆ ಮೊದಲು ಇಟ್ಟುಬಿಡುತ್ತಾರೆ, ಬೇಕಾದ ಪದವನ್ನು ದನಿಯಿಂದ ಒತ್ತುತ್ತಾರೆ. ಕಾಗದಕ್ಕೆ ದನಿ ಇಲ್ಲವಲ್ಲ! ಅದಕ್ಕೇ ಬರೆಯುವಾಗ ಮಿತಿ ಯಾವ ಪದಕ್ಕೋ ಅದರ ಮಗ್ಗುಲಲ್ಲೇ ‘ಓನ್ಲಿ’ ಇಡುವುದು ಕ್ಷೇಮ. ಚೀನೀಯರ ಪಾಡು ಇನ್ನೊಂದು ಬಗೆ. ಅವರ ಭಾಷೆಯಲ್ಲಿ ‘ಮಾತ್ರ’ ಎಂಬರ್ಥದ ಸಾಮಾನ್ಯ ಪದ ಕ್ರಿಯಾಪದಕ್ಕಿಂತ ಮೊದಲೇ ಬರುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲೂ ಅಲ್ಲಿಯೇ ಇಡುವ ಒಲವು ಅವರಿಗೆ ಸಹಜ. ನಾವು ಕೊನೆಗೆ ಅಂಟಿಸುತ್ತೇವೆ, ಅವರು ನಡುವೆ ತೂರಿಸುತ್ತಾರೆ!

ಇದು ಇಂಗ್ಲಿಷ್ ಪತ್ರಿಕೆಯ ಒಂದು ಅಂಕದ ಮಾತಷ್ಟೇ ಅಲ್ಲ. ‘ಓನ್ಲಿ ಫೀಮೇಲ್ ಅನಾಫಿಲಿಸ್ ಮಸ್ಕಿಟೋಸ್ ಸ್ಪ್ರೆಡ್ ಮಲೇರಿಯಾ’ ಎಂಬುದು ವಿಜ್ಞಾನದ ಸರಿಯುತ್ತರ. ಮೊಟ್ಟೆ ಬಲಿಯಲು ರಕ್ತ ಬೇಕಾದದ್ದು ಹೆಣ್ಣು ಸೊಳ್ಳೆಗೆ. ಗಂಡು ಮಕರಂದದಂಥ ಸಿಹಿರಸ ಹೀರಿ ಬದುಕುತ್ತದೆ. ಅದೇ ‘ಓನ್ಲಿ’ ಸರಿದು ‘ಸ್ಪ್ರೆಡ್ ಓನ್ಲಿ ಮಲೇರಿಯಾ’ ಎಂದಾದರೆ ಉತ್ತರ ತಪ್ಪು. ಏಕೆಂದರೆ ಕೆಲವು ಅನಾಫಿಲಿಸ್ ಜಾತಿಗಳು ಆನೆಕಾಲು ರೋಗವನ್ನೂ ಹರಡುತ್ತವೆ.

ಕೊನೆಯಲ್ಲಿ ಬಂದರೂ ಸರಿ

ಹಾಗಾದರೆ ‘ಓನ್ಲಿ’ ಕೊನೆಗೆ ಬರಲೇಬಾರದೇ? ಬರಬಹುದು, ಅಲ್ಲೂ ಅದು ಬಾಗಿಲು ಹಾಕುತ್ತಿರಬೇಕು. ಚೆಕ್ಕಿನಲ್ಲಿ ‘ಫೈವ್ ಹಂಡ್ರೆಡ್ ಓನ್ಲಿ’ ಎಂದು ಬರೆಯುವುದು, ಮುಂದೆ ಯಾರೂ ಇನ್ನೊಂದು ಅಂಕಿ ಸೇರಿಸದಿರಲೆಂದು. ಔಷಧದ ಬಾಟಲಿಯ ಮೇಲೆ ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’ ಎಂದಿದ್ದರೆ, ಮೈಮೇಲೆ ಹಚ್ಚಬಹುದು, ಹೊಟ್ಟೆಗೆ ಹೋಗಕೂಡದು ಎಂದರ್ಥ. ‘ಓನ್ಲಿ’ ಎಂದರೆ ಬರಿಯ ಒತ್ತು ಎಂದುಕೊಂಡವನಿಗೆ ಆ ಎಚ್ಚರಿಕೆಯ ಅರ್ಧ ಭಾಗ ಕೇಳಿಸುವುದೇ ಇಲ್ಲ. ಮನೆಯಲ್ಲಿ ಲೇಬಲ್ ಓದಬಲ್ಲವನು ಶಾಲೆಗೆ ಹೋಗುವ ಹುಡುಗನೊಬ್ಬನೇ ಆಗಿದ್ದರೆ, ಅವನ ಓದಿನ ಮೇಲೆ ಮನೆಯವರ ಆರೋಗ್ಯವೇ ನಿಂತಿರುತ್ತದೆ.

ಇಂಗ್ಲಿಷ್ ಬಾರದ ಪಾಲಕರು ಇದರಲ್ಲಿ ನೆರವಾಗುವುದು ಹೇಗೆ? ಖಂಡಿತ ಆಗಬಹುದು. ಮಗ ಇಂಗ್ಲಿಷ್ ವಾಕ್ಯ ಬರೆಯುವಾಗ ‘ಮೊದಲು ಕನ್ನಡದಾಗ ಹೇಳು, ಯಾವುದಕ್ಕ ಮಾತ್ರ ಅಂದಿ?’ ಎಂದು ಕೇಳಿದರೆ ಸಾಕು. ಆ ಪದದ ಮೇಲೆ ಅವನು ಬೆರಳಿಟ್ಟರೆ ‘ಓನ್ಲಿ’ಯ ಜಾಗ ಸಿಕ್ಕಂತೆಯೇ. ತಾಯ್ನುಡಿ ಇಂಗ್ಲಿಷಿಗೆ ಅಡ್ಡಿಯೆಂದು ಹೆದರಬೇಕಾಗಿಲ್ಲ; ಅಳೆಯುವ ಕೋಲು ಅದೇ.