ಕೆಂಪು ದೀಪದ ವೈರ್ ಕಿತ್ತರೆ ಬ್ರೇಕ್ ಸರಿಹೋಗಲ್ಲ

ಯಾದಗಿರಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಪಿಕಪ್ ಗಾಡಿಯ ಬ್ರೇಕ್ ವಾರ್ನಿಂಗ್ ದೀಪ. ಅದರಲ್ಲೂ ಹಿಂದೆ ಟ್ರಾಲಿ ಕಟ್ಟಿದಾಗ ಈ ದೀಪ ಹತ್ತಿದ್ರೆ ಏನು ಮಾಡಬೇಕು, ಏನು ಮಾಡಬಾರದು ಅನ್ನೋದು.

ನಾನು ಮೆಕ್ಯಾನಿಕ್ ಅಲ್ಲ, ಬಿ.ಕಾಂ ಓದಿದವನು. ಆದರೆ ನಮ್ಮ ಮನೆಯಲ್ಲೇ ಒಂದು ಘಟನೆ ನಡೀತು. ಅದಾದ ಮೇಲೆ ಗೊತ್ತಿದ್ದವರ ಹತ್ರ ಕೂತು ಇದನ್ನೆಲ್ಲ ಕಲಿತೆ.

ನಮ್ಮ ಸೋದರಮಾವ ಸುರಪುರ ತಾಲ್ಲೂಕಿನವರು. ಅವರಿಗೆ ಒಂದು ಪಿಕಪ್ ಇದೆ. ಹತ್ತಿ ಸೀಸನ್ನಿನಲ್ಲಿ ಶಹಾಪುರದ ಜಿನ್ನಿಂಗ್ ಮಿಲ್‌ಗೆ ಹತ್ತಿ ಹೊಡೀತಾರೆ. ಮದುವೆ ಸೀಸನ್ನಿನಲ್ಲಿ ಹಿಂದೆ ಜನರೇಟರ್ ಟ್ರಾಲಿ ಕಟ್ಕೊಂಡು ಹೋಗ್ತಾರೆ. ಟ್ರಾಲಿಯ ಹಿಂದಿನ ಲೈಟ್‌ಗಳಿಗೆ ಕರೆಂಟ್ ಬೇಕಲ್ಲ, ಅದಕ್ಕೆ ಗಾಡಿಯ ಹಿಂದೆ ಏಳು ಪಿನ್ನಿನ ಗುಂಡನೆಯ ಸಾಕೆಟ್ ಹಾಕಿಸಿದ್ರು.

ಒಂದು ಸಲ ಮಾಮಾಗೆ ಡ್ಯಾಶ್‌ಬೋರ್ಡ್ ಮೇಲೆ ಕೆಂಪು ದೀಪ ಕಾಣ್ತು. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆ ಇರುತ್ತಲ್ಲ, ಅದು. ಯಾವಾಗಲೂ ಹತ್ತಿರ್ತಿರಲಿಲ್ಲ. ತಿರುವಿನಲ್ಲಿ, ದಿಬ್ಬದಲ್ಲಿ ಹತ್ತೋದು, ಆರೋದು. ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದ್ರು. ಅವರು, "ಟ್ರಾಲಿ ವೈರಿಂಗ್ ಶಾರ್ಟ್ ಆಗ್ಯಾದ, ಸುಳ್ಳು ಸಿಗ್ನಲ್ ಬರ್ಲಿಕತ್ತದ" ಅಂದ್ರು. ಬಾನೆಟ್ ತೆಗೆದು, ಬ್ರೇಕ್ ಆಯಿಲ್ ಡಬ್ಬಿಯ ಹತ್ರ ಇರೋ ಎರಡು ಪಿನ್ನಿನ ಕನೆಕ್ಟರ್ ಕಿತ್ತರು. ದೀಪ ಆರಿತು. ಮಾಮಾಗೆ ಖುಷಿ.

ಹನ್ನೆರಡು ದಿನ ಆದ ಮೇಲೆ, ಸಂಜೆ, ಜನರೇಟರ್ ಟ್ರಾಲಿ ಕಟ್ಕೊಂಡು ಸುರಪುರದ ಇಳಿಜಾರಿನಲ್ಲಿ ಬರುವಾಗ ಪೆಡಲ್ ಹೆಚ್ಚೂಕಡಿಮೆ ನೆಲಕ್ಕೆ ಹೋಯ್ತು. ಗಾಡಿ ಸ್ವಲ್ಪ ಮಾತ್ರ ಹಿಡೀತು. ಹಿಂದಿನಿಂದ ಟ್ರಾಲಿ ದಬ್ಬುತಿತ್ತು. ಮಾಮಾ ಸೆಕೆಂಡ್ ಗೇರ್‌ಗೆ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು, ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ ಗಾಡಿ ಏರಿಸಿ ನಿಲ್ಲಿಸಿದ್ರು. ಟ್ರಾಲಿ ಅಡ್ಡ ತಿರುಗಿ ಗಾಡಿಯ ಮೂಲೆಗೆ ಬಡೀತು. ಯಾರಿಗೂ ಏನೂ ಆಗಲಿಲ್ಲ.

ಆದರೆ ಅವತ್ತು ಮುಂಜಾನೆ ಅದೇ ಗಾಡಿಯ ಹಿಂದೆ ಹನ್ನೊಂದು ಜನ ಹೆಣ್ಣುಮಕ್ಕಳು ಹತ್ತಿ ಬಿಡಿಸಲಿಕ್ಕೆ ಹೋಗಿದ್ರು. ಅವರಲ್ಲಿ ನಮ್ಮ ಅತ್ತೆನೂ ಒಬ್ರು. ಸರಕಿನ ಗಾಡಿಯಲ್ಲಿ ಜನರನ್ನ ಹಾಕೋದು ಕಾನೂನಿಗೆ ವಿರುದ್ಧ ಅಂತ ಎಲ್ಲರಿಗೂ ಗೊತ್ತು, ಆದರೂ ನಮ್ಮ ಕಡೆ ದಿನಾ ನಡೆಯುತ್ತೆ. ಪೆಡಲ್ ಬೆಳಿಗ್ಗೆನೇ ಕೈಕೊಟ್ಟಿದ್ರೆ ಈ ಸಂಚಿಕೆ ಬೇರೆ ಥರ ಇರ್ತಿತ್ತು.

ಗಾಡಿ ಬಿಚ್ಚಿ ನೋಡಿದಾಗ ಗೊತ್ತಾಯ್ತು. ಹಿಂದಿನ ಎಡ ಚಕ್ರದ ಸಿಲಿಂಡರಿನ ರಬ್ಬರ್ ಸೀಲ್ ಹೋಗಿತ್ತು. ಬ್ರೇಕ್ ಆಯಿಲ್ ದಿನಾ ಸ್ವಲ್ಪ ಸ್ವಲ್ಪ ಸೋರಿ, ಡ್ರಮ್ಮಿನೊಳಗಿನ ಶೂ ಎಲ್ಲ ಒದ್ದೆಯಾಗಿತ್ತು. ದೀಪ ಹೇಳ್ತಿದ್ದದ್ದು ನಿಜ. ನಾವೇ ಅದರ ಬಾಯಿ ಮುಚ್ಚಿಸಿದ್ವಿ.

ದೀಪ ಏನನ್ನ ನೋಡುತ್ತೆ?

ದೀಪಕ್ಕೆ ಬ್ರೇಕ್ ಎಷ್ಟು ಹಿಡಿಯುತ್ತೆ ಅಂತ ಗೊತ್ತಿಲ್ಲ. ಅದು ಬರೀ ಸ್ವಿಚ್‌ಗಳ ಮಾತು ಕೇಳುತ್ತೆ. ಸಾಮಾನ್ಯವಾಗಿ ಎರಡು ಸ್ವಿಚ್. ಒಂದು ಹ್ಯಾಂಡ್‌ಬ್ರೇಕ್ ಲಿವರ್ ಕೆಳಗೆ. ಇನ್ನೊಂದು ಬ್ರೇಕ್ ಆಯಿಲ್ ಡಬ್ಬಿಯಲ್ಲಿ. ಅಲ್ಲಿ ಒಂದು ತೇಲುವ ಬಿರಡೆ ಇರುತ್ತೆ. ಆಯಿಲ್ ಇಳಿದರೆ ಬಿರಡೆ ಇಳಿದು ದೀಪ ಹತ್ತುತ್ತೆ. ಎಬಿಎಸ್ ಇರುವ ಗಾಡಿಯಲ್ಲಿ ಅದರ ಕಂಪ್ಯೂಟರ್ ಕೂಡ ಈ ಕೆಂಪು ದೀಪ ಹತ್ತಿಸಬಹುದು.

ಈಗ ಮಾಮಾ ಮೋಸ ಹೋಗಿದ್ದು ಎಲ್ಲಿ ನೋಡಿ. ಕನೆಕ್ಟರ್ ಕಿತ್ತ ಮೇಲೂ ಹ್ಯಾಂಡ್‌ಬ್ರೇಕ್ ಎಳೆದ್ರೆ ದೀಪ ಹತ್ತುತ್ತಿತ್ತು. ಹಂಗಾಗಿ "ದೀಪ ಸರಿ ಅದ, ಬ್ರೇಕೂ ಸರಿ ಅದ" ಅಂದ್ಕೊಂಡ್ರು. ಆದರೆ ದೀಪದ ಎರಡು ಕಿವಿಯಲ್ಲಿ ಒಂದು ಕಿವುಡಾಗಿತ್ತು.

ನಮ್ಮ ಅಕೌಂಟ್ಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಲೆಕ್ಕ ಕೂಡಿಬರುತ್ತೆ, ತಪ್ಪು ಅಲ್ಲೇ ಇರುತ್ತೆ. ಕನೆಕ್ಟರ್ ಕೀಳೋದು ಅಂದ್ರೆ ಅದೇ.

ದೀಪ ಹತ್ತಿದಾಗ ಯಾವ ಕ್ರಮದಲ್ಲಿ ನೋಡಬೇಕು?

ಮೊದಲು ಗಾಡಿಯನ್ನ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಒಂದು, ಹ್ಯಾಂಡ್‌ಬ್ರೇಕ್. ಪೂರ್ತಿ ಇಳಿದಿದೆಯಾ? ಎಷ್ಟೋ ಸಲ ಅರ್ಧ ಇಂಚು ಮೇಲೆ ಉಳಿದಿರುತ್ತೆ. ಲಿವರ್ ಕೆಳಗೆ ಧೂಳು ಸೇರಿ ಸ್ವಿಚ್ ಸಿಕ್ಕಿಕೊಂಡಿರಬಹುದು. ಇದು ಪುಕ್ಕಟೆ ರಿಪೇರಿ.

ಎರಡು, ಆಯಿಲ್ ಮಟ್ಟ. ಡಬ್ಬಿ ಮೇಲೆ ಮ್ಯಾಕ್ಸ್, ಮಿನ್ ಅಂತ ಗೆರೆ ಇರುತ್ತೆ. ತಿರುವಿನಲ್ಲಿ, ಏರಿನಲ್ಲಿ, ಬ್ರೇಕ್ ಹಾಕಿದಾಗ ಮಾತ್ರ ದೀಪ ಮಿನುಗಿದ್ರೆ ಆಯಿಲ್ ಮಿನ್ ಗೆರೆಯ ಹತ್ರ ಬಂದು ಡಬ್ಬಿಯೊಳಗೆ ಓಲಾಡ್ತಿರಬಹುದು. ಮಾಮಾನ ಗಾಡಿಯಲ್ಲಿ ಆಗಿದ್ದು ಇದೇ.

ಆಯಿಲ್ ಕಡಿಮೆ ಇದ್ರೆ ಬರೀ ತುಂಬಿಸಿ ಹೋಗಬೇಡಿ. ಎಲ್ಲಿ ಹೋಯ್ತು ಅಂತ ಕೇಳಿ. ಪ್ಯಾಡ್, ಶೂ ಸವೆದಂತೆ ಸಾವಿರಾರು ಕಿಲೋಮೀಟರಿನಲ್ಲಿ ಮಟ್ಟ ನಿಧಾನಕ್ಕೆ ಇಳಿಯುತ್ತೆ, ಅದು ಸಹಜ. ವಾರ, ಹತ್ತು ದಿನದಲ್ಲಿ ಇಳಿದ್ರೆ ಸೋರಿಕೆ ಇದೆ ಅಂತ ಅರ್ಥ. ನಾಲ್ಕೂ ಚಕ್ರದ ಒಳಮೈ, ಪೈಪಿನ ಜಾಯಿಂಟ್, ಪೆಡಲ್ ಹಿಂದೆ ಒದ್ದೆ ಇದೆಯಾ ನೋಡಿ.

ಮೂರು, ಪೆಡಲ್. ಎಂಜಿನ್ ಚಾಲೂ ಇಟ್ಟು ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ನಿಧಾನಕ್ಕೆ ಕೆಳಗಿಳಿದ್ರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಕೆಟ್ಟಿದೆ. ಸ್ಪಂಜಿನಂತೆ ಮೆತ್ತಗಿದ್ರೆ ಲೈನಿನಲ್ಲಿ ಗಾಳಿ ಸೇರಿದೆ. ಈ ಎರಡರಲ್ಲಿ ಯಾವುದಿದ್ರೂ ಗಾಡಿ ಅಲ್ಲೇ ನಿಲ್ಲಲಿ.

ನಾಲ್ಕು, ಹಳದಿ ದೀಪ. ಬರೀ ಎಬಿಎಸ್ ಅಂತ ಹಳದಿ ದೀಪ ಹತ್ತಿದ್ರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಬಹುದು. ನಮ್ಮ ಎರೆಭೂಮಿಯಲ್ಲಿ ಇದಕ್ಕೆ ಒಂದು ಸಾಮಾನ್ಯ ಕಾರಣ ಚಕ್ರದ ಸೆನ್ಸರಿಗೆ ಮೆತ್ತಿಕೊಂಡ ಕರಿಮಣ್ಣು. ಮಳೆಯಲ್ಲಿ ಹೊಲದೊಳಗೆ ಹೋಗಿ ಬಂದ ಮೇಲೆ ಹತ್ತಿದ್ರೆ ಮೊದಲು ತೊಳೆದು ನೋಡಿ. ಕೆಂಪು, ಹಳದಿ ಎರಡೂ ಒಟ್ಟಿಗೆ ಹತ್ತಿದ್ರೆ ಗಾಡಿ ಓಡಿಸಬೇಡಿ.

ಹಾಗಾದರೆ ಟ್ರಾಲಿ ವೈರಿಂಗ್ ಕಾರಣ ಆಗೋದೇ ಇಲ್ವಾ?

ಆಗುತ್ತೆ. ಮೆಕ್ಯಾನಿಕ್ ಹೇಳಿದ್ದು ಪೂರ್ತಿ ಕಲ್ಪನೆ ಅಲ್ಲ. ಬ್ರೇಕ್ ಲೈಟಿನ ವೈರ್ ಸುಲಿದು, ಟೇಪ್ ಸುತ್ತಿ ಟ್ರಾಲಿಗೆ ಕೊಟ್ಟಿರ್ತಾರೆ. ನೀರು ಹೋಗಿ ಪಿನ್ ತುಕ್ಕು ಹಿಡಿಯುತ್ತೆ. ಅರ್ಥಿಂಗ್ ಸರಿ ಇಲ್ಲದಿದ್ರೆ ಕರೆಂಟ್ ಬೇರೆ ದಾರಿ ಹುಡುಕುತ್ತೆ: ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಮಿನುಗುತ್ತೆ, ಡ್ಯಾಶ್‌ಬೋರ್ಡ್ ಮೇಲೆ ಇಲ್ಲದ ದೀಪ ಹತ್ತುತ್ತೆ.

ಅದನ್ನ ಪತ್ತೆ ಮಾಡಲಿಕ್ಕೆ ಸುಲಭದ ದಾರಿ ಇದೆ. ಟ್ರಾಲಿಯ ಪ್ಲಗ್ ಕಿತ್ತು, ಟ್ರಾಲಿ ಬಿಟ್ಟು, ಆಯಿಲ್ ಮಟ್ಟ ಮತ್ತು ಪೆಡಲ್ ಸರಿ ಇದೆ ಅಂತ ನೋಡಿಕೊಂಡು, ಖಾಲಿ ಗಾಡಿಯನ್ನ ನಿಧಾನಕ್ಕೆ ಓಡಿಸಿ ನೋಡಿ. ದೀಪ ಮತ್ತೆ ಬರದಿದ್ರೆ ತಪ್ಪು ಟ್ರಾಲಿ ಕಡೆ ಇರಬಹುದು. ಬಂದ್ರೆ ಗಾಡಿಯಲ್ಲೇ ಇದೆ. ಮಾಮಾನ ಗಾಡಿಯಲ್ಲಿ ಈ ಐದು ನಿಮಿಷದ ಪರೀಕ್ಷೆ ಯಾರೂ ಮಾಡಲಿಲ್ಲ. ಮಾಡಿದ್ರೆ ಟ್ರಾಲಿ ಇಲ್ಲದೇನೂ ದೀಪ ಮಿನುಗೋದು ಕಾಣ್ತಿತ್ತು.

ತಪ್ಪು ಟ್ರಾಲಿ ಕಡೆ ಅಂತ ಗೊತ್ತಾದ್ರೆ ಸಾಕೆಟ್ ಬಿಚ್ಚಿ ಪಿನ್ ಸ್ವಚ್ಛ ಮಾಡಿ, ಮೊದಲು ಅರ್ಥ್ ವೈರ್ ಬಿಗಿ ಮಾಡಿ. ಸ್ಟ್ಯಾಂಡರ್ಡ್ ವೈರಿಂಗ್‌ನಲ್ಲಿ ಬಿಳಿ ವೈರ್ ಅರ್ಥ್, ಕೆಂಪು ವೈರ್ ಬ್ರೇಕ್ ಲೈಟ್. ಆದರೆ ನಮ್ಮ ಕಡೆ ಕೈಗೆ ಸಿಕ್ಕ ವೈರ್ ಹಾಕಿರ್ತಾರೆ, ಹಂಗಾಗಿ ಬಣ್ಣ ನಂಬದೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ.

ಇನ್ನೊಂದು ಮಾತು. ಅಮೆರಿಕದ ಪಿಕಪ್‌ಗಳ ರಿಪೇರಿ ವಿಡಿಯೋ ನೋಡಿ ಕೆಲವರು ಗೊಂದಲ ಮಾಡ್ಕೋತಾರೆ. ಅಲ್ಲಿ ದೊಡ್ಡ ಟ್ರೇಲರ್‌ಗಳ ಚಕ್ರದಲ್ಲೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತೆ. ಗಾಡಿಯೊಳಗೆ ಅದಕ್ಕೆ ಕಂಟ್ರೋಲರ್ ಇರುತ್ತೆ. ವೈರ್ ಕಡಿದ್ರೆ "ಟ್ರೇಲರ್ ಬ್ರೇಕ್ ದೋಷ" ಅಂತ ಸ್ಕ್ರೀನ್ ಮೇಲೆ ಬರುತ್ತೆ. ನಮ್ಮ ಜನರೇಟರ್ ಟ್ರಾಲಿ, ನೀರಿನ ಟ್ಯಾಂಕರ್ ಟ್ರಾಲಿಗಳಲ್ಲಿ ಹೆಚ್ಚಾಗಿ ಬ್ರೇಕೇ ಇರಲ್ಲ. ಅಂದ್ರೆ ನಿಮ್ಮ ಡ್ಯಾಶ್‌ಬೋರ್ಡ್ ಟ್ರಾಲಿ ಬಗ್ಗೆ ಏನೂ ಹೇಳಲ್ಲ. ದೀಪ ಆರಿದೆ ಅಂದ ಮಾತ್ರಕ್ಕೆ ಟ್ರಾಲಿ ನಿಲ್ಲುತ್ತೆ ಅಂತ ಅಲ್ಲ. ಅದರ ಪೂರ್ತಿ ತೂಕ ನಿಲ್ಲಿಸೋದು ನಿಮ್ಮ ಗಾಡಿಯ ನಾಲ್ಕು ಬ್ರೇಕ್‌ಗಳೇ. ವೇಗ 30ರಿಂದ 60ಕ್ಕೆ ಏರಿದ್ರೆ ಬ್ರೇಕ್ ತಡೀಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಆಯಿಲ್ ವಿಷಯದಲ್ಲಿ ಮಾಡುವ ತಪ್ಪು

ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಬರೆದಿರುತ್ತೆ. ಅದನ್ನೇ ಹಾಕಿ. ಎಂಜಿನ್ ಆಯಿಲ್, ಡೀಸೆಲ್ ಹನಿಯಷ್ಟೂ ಬೇಡ, ರಬ್ಬರ್ ಸೀಲ್ ಉಬ್ಬಿ ಹೋಗುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ. ತೇವ ಹೀರಿದ್ರೆ ಆ ಮಿತಿ 155ಕ್ಕೆ ಇಳಿಯಬಹುದು. ಲೋಡ್ ಹೊತ್ತು ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದ್ರೆ ಆಯಿಲ್ ಕುದ್ದು ಆವಿಯಾಗಿ ಪೆಡಲ್ ಮೆತ್ತಗಾಗುತ್ತೆ. ಹಂಗಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ, ತೆರೆದಿಟ್ಟ ಹಳೆ ಬಾಟಲಿ ಬಳಸಬೇಡಿ.

ಡೀಸೆಲ್ ಉಳಿಸಲಿಕ್ಕೆ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಬರೋರು ಇದ್ದಾರೆ. ಎಂಜಿನ್ ನಿಂತ್ರೆ ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತ ತಯಾರಾಗಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತೆ. ಎರಡು ರೂಪಾಯಿ ಡೀಸೆಲ್‌ಗೆ ಈ ವ್ಯಾಪಾರ ಬೇಡ.

ಬ್ರೇಕ್ ಕೈಕೊಟ್ಟೇ ಬಿಟ್ರೆ?

ಆಕ್ಸಿಲರೇಟರ್ ಬಿಡಿ. ಪೆಡಲನ್ನ ಬಿಟ್ಟು ಬಿಟ್ಟು ಒತ್ತಿ, ಸ್ವಲ್ಪ ಒತ್ತಡ ಮರಳಿ ಬರಬಹುದು. ಒಂದೊಂದೇ ಗೇರ್ ಇಳಿಸಿ. ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಿದೇ ನಿಧಾನಕ್ಕೆ ಎಳೆಯಿರಿ, ಒಮ್ಮೆಲೇ ಎಳೆದ್ರೆ ಹಿಂದಿನ ಚಕ್ರ ಲಾಕ್ ಆಗಿ ಟ್ರಾಲಿ ಅಡ್ಡ ತಿರುಗುತ್ತೆ. ಹಾರ್ನ್ ಹೊಡೀತಾ ಇರಿ. ಕೀ ಮಾತ್ರ ತೆಗೀಬೇಡಿ, ಸ್ಟೀರಿಂಗ್ ಲಾಕ್ ಆಗುತ್ತೆ.

ಮಾಮಾನ ಗಾಡಿಗೆ ಹೊಸ ವೀಲ್ ಸಿಲಿಂಡರ್, ಹಿಂದಿನ ಎರಡೂ ಕಡೆ ಹೊಸ ಶೂ, ಹೊಸ ಆಯಿಲ್ ಹಾಕಿಸಿದ್ವಿ. ಕಿತ್ತಿದ್ದ ಕನೆಕ್ಟರ್ ವಾಪಸ್ ಹಾಕಿದಾಗ ಕ್ಲಿಕ್ ಅಂತ ಸದ್ದು ಬಂತು, ಅಷ್ಟೇ. ಅದಕ್ಕೆ ಖರ್ಚು ಸೊನ್ನೆ. ಈಗ ಅತ್ತೆ ಗಾಡಿಯ ಹಿಂದೆ ಹತ್ತಲ್ಲ. ಹೊಲಕ್ಕೆ ಹೋಗೋ ಹೆಣ್ಣುಮಕ್ಕಳೆಲ್ಲ ಸೇರಿ ಆಟೋ ಮಾಡ್ಕೊಂಡು ಹೋಗ್ತಾರೆ. ಮಾಮಾ ಮೊದಲು ಮುಖ ಸಣ್ಣ ಮಾಡಿದ್ರು, ಆಮೇಲೆ ಸುಮ್ಮನಾದ್ರು.

ನಿಮ್ಮ ಮನೆಯಲ್ಲಿ ಪಿಕಪ್ ಇದ್ರೆ ಇವತ್ತೇ ಬಾನೆಟ್ ತೆಗೆದು ನೋಡಿ. ಬ್ರೇಕ್ ಆಯಿಲ್ ಡಬ್ಬಿಯ ಹತ್ರ ಇರೋ ಕನೆಕ್ಟರ್ ತನ್ನ ಜಾಗದಲ್ಲಿದೆಯಾ? ಜೋತಾಡ್ತಿದ್ರೆ ಯಾರು ಕಿತ್ತರು, ಯಾಕೆ ಕಿತ್ತರು ಅಂತ ಕೇಳಿ. ಅಪ್ಪಾನೇ ಕಿತ್ತಿದ್ರೂ ಕೇಳಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಜ್ವಾಪಾನ ರೀ.